ನೋಟಿಫಿಕೇಶನ್ ಸಾಲಿನಲ್ಲೇ ನಿಂತುಹೋದ ಸ್ಕ್ರಿಪ್ಟ್

ನಮ್ಮ ತಂಡಕ್ಕೆ ವರದಿ ತಯಾರಿಸುವ ಪೈಥಾನ್ ಸ್ಕ್ರಿಪ್ಟ್ ಓಡಿ ಮುಗಿಯಲು ಮುಕ್ಕಾಲು ಗಂಟೆ ಬೇಕು. ಮುಗಿಯಿತಾ ಅಂತ ಮತ್ತೆ ಮತ್ತೆ ಟರ್ಮಿನಲ್ ನೋಡುತ್ತಿದ್ದೆ. ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಅದಕ್ಕೆ ಪ್ಲೈಯರ್ ಎಂಬ ಪುಟ್ಟ ಲೈಬ್ರರಿ ಹಾಕಿಕೊಂಡೆ. ಒಂದು ಇಂಪೋರ್ಟ್, ಒಂದು ಫಂಕ್ಷನ್ ಕಾಲ್. ಟೈಟಲ್, ಮೆಸೇಜ್ ಕೊಟ್ಟರೆ ಸಾಕು, ಪರದೆಯ ಮೂಲೆಯಲ್ಲಿ ಸುದ್ದಿ ಬರುತ್ತದೆ.

ಖುಷಿಯಲ್ಲಿ ಪ್ರತಿ ಹಂತಕ್ಕೂ ಒಂದೊಂದು ನೋಟಿಫಿಕೇಶನ್ ಸೇರಿಸಿಬಿಟ್ಟೆ. ಹಗಲು ನಾನೇ ಓಡಿಸಿದಾಗ ಎಲ್ಲ ಸರಿಯಿತ್ತು. ಆಮೇಲೆ ಸ್ಕ್ರಿಪ್ಟನ್ನು, ಹೇಳಿದ ಸಮಯಕ್ಕೆ ಕೆಲಸವನ್ನು ತಾನೇ ಓಡಿಸುವ ಕ್ರಾನ್‌ಗೆ ಹಾಕಿ ರಾತ್ರಿ ಓಡುವಂತೆ ಮಾಡಿದೆ. ಬೆಳಿಗ್ಗೆ ಬಂದು ನೋಡಿದರೆ ಡೇಟಾ ಇಳಿದಿದೆ, ವರದಿ ಮಾತ್ರ ಇಲ್ಲ. ವರದಿಗಾಗಿ ಕಾದಿದ್ದವರು ಮಧ್ಯಾಹ್ನದವರೆಗೂ ಕಾಯಬೇಕಾಯಿತು. ನನಗೆ ತುಂಬಾ ಬೇಜಾರಾಯಿತು.

ಸ್ಕ್ರಿಪ್ಟ್ ಏನೇನು ಮಾಡಿತು ಎಂದು ಬರೆದಿಡುವ ಲಾಗ್ ಫೈಲ್ ನೋಡಿದೆ. ಸ್ಕ್ರಿಪ್ಟ್ ನಿಂತಿದ್ದು "ಡೇಟಾ ಬಂತು" ಎಂದು ತೋರಿಸುವ ಸಾಲಿನಲ್ಲಿ!

ಲಿನಕ್ಸ್‌ನಲ್ಲಿ ನೋಟಿಫಿಕೇಶನ್ ಹೋಗುವುದು ಡಿ-ಬಸ್ ಮೂಲಕ, ಅಂದರೆ ಪ್ರೋಗ್ರಾಮ್‌ಗಳು ಒಂದಕ್ಕೊಂದು ಸಂದೇಶ ಕಳಿಸುವ ದಾರಿಯ ಮೂಲಕ. ಲಾಗಿನ್ ಆದ ಪ್ರತಿಯೊಬ್ಬರಿಗೂ ಅವರದೇ ಸೆಷನ್ ಬಸ್ ಇರುತ್ತದೆ. ಅದರ ವಿಳಾಸ, ಪ್ರೋಗ್ರಾಮ್‌ಗಳು ಓಡುವಾಗ ಓದಿಕೊಳ್ಳುವ ಒಂದು ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿರುತ್ತದೆ. ನಾವು ತೆರೆದ ಟರ್ಮಿನಲ್‌ಗೆ ಅದು ಗೊತ್ತು, ಕ್ರಾನ್‌ಗೆ ಗೊತ್ತಿಲ್ಲ. ವಿಳಾಸವಿಲ್ಲದೆ ಲೈಬ್ರರಿ ಎರರ್ ಎಸೆಯಿತು, ಅದನ್ನು ಹಿಡಿಯುವ ಕೋಡ್ ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಮುಂದಿನ ಕೆಲಸವೆಲ್ಲ ಅಲ್ಲಿಗೇ ನಿಂತಿತು.

ಆ ವಿಳಾಸವನ್ನು ಕ್ರಾನ್ ಫೈಲಿನಲ್ಲೇ ಬರೆದೆ. ಆದರೆ ಅಷ್ಟು ಸಾಲದು, ಅಲ್ವಾ? ನಾನು ಲಾಗಿನ್ ಆಗದ ರಾತ್ರಿ ಆ ಬಸ್ಸೇ ಇಲ್ಲದಿರಬಹುದು. ಹಾಗಾಗಿ ನೋಟಿಫಿಕೇಶನ್ ಕಾಲನ್ನು ಒಂದು ಸಣ್ಣ ಫಂಕ್ಷನ್ನಿನೊಳಗೆ ಇಟ್ಟು ಎರರ್ ಬಂದರೆ ಹಿಡಿಯುವ ಟ್ರೈ-ಎಕ್ಸೆಪ್ಟ್ ಸುತ್ತಿದೆ. ತೋರಿಸಲು ಆಗದಿದ್ದರೆ ಲಾಗ್‌ನಲ್ಲಿ ಒಂದು ಸಾಲು ಬರೆದು ಮುಂದೆ ಹೋಗುತ್ತದೆ.

ಹಂತಕ್ಕೊಂದು ನೋಟಿಫಿಕೇಶನ್ ಇಡುವುದನ್ನೂ ಬಿಟ್ಟೆ. ಸುಮ್ನೆ ಬರುವುದು ಜಾಸ್ತಿಯಾದರೆ ಕಣ್ಣು ಅದನ್ನು ನೋಡುವುದನ್ನೇ ಬಿಡುತ್ತದೆ. ಈಗ ಬರುವುದು ಎರಡೇ: ವರದಿ ಸಿದ್ಧವಾದಾಗ ಒಂದು, ಕೆಲಸ ಕೆಟ್ಟಾಗ ಒಂದು. ಕೆಟ್ಟಾಗಿನದ್ದರಲ್ಲಿ ಯಾವ ಹಂತ, ಯಾವ ಲಾಗ್ ಫೈಲ್ ಅಂತಲೂ ಬರೆದಿರುತ್ತೇನೆ. ಅದನ್ನು ನೋಡಿದವರು ನನ್ನನ್ನು ಕೇಳದೆ ನೇರವಾಗಿ ಆ ಫೈಲ್ ತೆರೆಯುತ್ತಾರೆ.