ಸಾವಿನ ಮನೆಗೆ ಬರೆದ ಕಾಗದಗಳು

ಜನವರಿ 27, 2025, ಸೋಮವಾರ

1842ರಲ್ಲಿ ಇದೇ ದಿನ, ರಾತ್ರಿ ಎಂಟೂಕಾಲಕ್ಕೆ, ಅಮೆರಿಕದ ಕಾಂಕರ್ಡ್ ಎಂಬ ಊರಲ್ಲಿ ಐದು ವರ್ಷದ ಹುಡುಗನೊಬ್ಬ ತೀರಿಕೊಂಡ. ಹೆಸರು ವಾಲ್ಡೋ. ಲೇಖಕ ರಾಲ್ಫ್ ವಾಲ್ಡೋ ಎಮರ್ಸನ್ ಅವರ ಮಗ. ಸೋಮವಾರ ಸಂಜೆ ಸ್ಕಾರ್ಲೆಟ್ ಜ್ವರ ಬಂತು, ಗುರುವಾರ ಹುಡುಗ ಇಲ್ಲ. ಹೇಗಿದ್ದಾನೆ ಅಂತ ಕೇಳಲು ಬಾಗಿಲಿಗೆ ಬಂದ ಪುಟ್ಟ ಲೂಯಿಸಾ ಆಲ್ಕಾಟ್‌ಗೆ (ಮುಂದೆ ಲೇಖಕಿಯಾದವಳು) ಎಮರ್ಸನ್ ಹೇಳಿದ್ದು ಇಷ್ಟೇ: "ಮಗೂ, ಅವನು ಸತ್ತುಹೋದ."

ಇವತ್ತು ಸಂಜೆಯೆಲ್ಲ ಆ ಕಾಲದವರ ಕಾಗದಗಳನ್ನೇ ಓದಿದೆ. ಮಗ ಹೋದ ಮರುದಿನವೇ ಎಮರ್ಸನ್ ಸೋದರತ್ತೆ ಮೇರಿ ಮೂಡಿಗೆ, ಗೆಳತಿ ಮಾರ್ಗರೆಟ್ ಫುಲ್ಲರ್‌ಗೆ ಬರೆದಿದ್ದಾರೆ. ಇನ್ನು ಮುಂದೆ ಯಾವುದನ್ನಾದರೂ ಪ್ರೀತಿಸುವ ಧೈರ್ಯ ನನಗೆ ಬಂದೀತೇ ಅಂತ ಫುಲ್ಲರ್‌ಗೆ ಕೇಳುತ್ತಾರೆ. ಊರೂರು ಸುತ್ತಿ ಭಾಷಣ ಮಾಡಿ ಜನರಿಗೆ ಧೈರ್ಯ ತುಂಬುತ್ತಿದ್ದ ಮನುಷ್ಯ ಇವರು.

ತಿಂಗಳಾದ ಮೇಲೆ ಕಡಲಾಚೆಯ ಗೆಳೆಯ, ಬ್ರಿಟನ್ನಿನ ಲೇಖಕ ಥಾಮಸ್ ಕಾರ್ಲೈಲ್‌ಗೆ ಎಮರ್ಸನ್ ಬರೆದದ್ದು ಇನ್ನೂ ನೇರ: ಕೆಲವು ವಾರದ ಹಿಂದೆ ನಾನು ದೊಡ್ಡ ಶ್ರೀಮಂತ ಅಂದುಕೊಂಡಿದ್ದೆ, ಈಗ ನನಗಿಂತ ಬಡವ ಯಾರೂ ಇಲ್ಲ. ಇಷ್ಟು ಚಿಕ್ಕ ಮಗು ನನ್ನಿಂದ ಎಷ್ಟನ್ನು ಕೊಂಡೊಯ್ಯಬಹುದು ಅನ್ನೋದು ನಿಮಗೆ ಎಂದೂ ತಿಳಿಯದು. ಕಾರ್ಲೈಲ್‌ಗೆ ಮಕ್ಕಳಿರಲಿಲ್ಲ. ಗೆಳೆಯನಿಗೆ ಇಷ್ಟು ಒರಟಾಗಿ ಬರೆಯೋದಾ ಅನಿಸಬಹುದು. ನನಗಂತೂ ಈ ಮಾತಿನ ಮೇಲೆ ಗೌರವ ಬಂತು. ಆ ನೋವು ಎಲ್ಲರಿಗೂ ಅರ್ಥವಾಗುತ್ತೆ ಅಂತ ಸುಮ್ನೆ ಒಪ್ಪಿಕೊಳ್ಳಬೇಕಾಗಿಲ್ಲ, ಅಲ್ವಾ?

ಆಗ ಎಮರ್ಸನ್ ಮನೆಯಲ್ಲೇ ಇದ್ದವರು ಲೇಖಕ ಹೆನ್ರಿ ಥೋರೋ. ಅದೇ ಜನವರಿ 11ಕ್ಕೆ ಅವರ ಅಣ್ಣ ಜಾನ್ ತೀರಿಕೊಂಡಿದ್ದ. ಕ್ಷೌರದ ಕತ್ತಿ ಮಸೆಯುವಾಗ ಆದ ಚಿಕ್ಕ ಗಾಯ, ಧನುರ್ವಾಯು ಆಯಿತು. ಆಮೇಲೆ ಯಾವ ಗಾಯವೂ ಇಲ್ಲದ ತಮ್ಮನಲ್ಲೂ ಅದೇ ರೋಗದ ಲಕ್ಷಣಗಳು ಕಾಣಿಸಿದವು. ಅಷ್ಟು ಹಚ್ಚಿಕೊಂಡಿದ್ದರು. ಮಾರ್ಚ್ 11ರಂದು ಅವರು ಎಮರ್ಸನ್‌ಗೆ ಬರೆದ ಕಾಗದದಲ್ಲಿ, ಹೊಲದ ಪ್ರತಿ ಹುಲ್ಲೂ ಕಾಡಿನ ಪ್ರತಿ ಎಲೆಯೂ ತನ್ನ ಕಾಲ ಬಂದಾಗ ಚೆಂದವಾಗಿಯೇ ಪ್ರಾಣ ಬಿಡುತ್ತದೆ, ಸಾವು ನಿಯಮ, ಆಕಸ್ಮಿಕ ಅಲ್ಲ ಅನ್ನುತ್ತಾರೆ. ಎರಡು ತಿಂಗಳ ಹಸಿ ಗಾಯ ಇಟ್ಟುಕೊಂಡು ಬರೆದ ಮಾತು. ಆದರೂ ಮಗುವನ್ನು ಮಣ್ಣು ಮಾಡಿ ಬಂದ ತಂದೆಗೆ ಇದು ತಣ್ಣಗೆ ತಾಗಿರಬೇಕು ಅನಿಸುತ್ತೆ. ಥೋರೋ ಇದನ್ನು ಜಾಸ್ತಿ ತನಗೇ ಹೇಳಿಕೊಂಡಿದ್ದಾರೆ ಅಂತ ನನ್ನ ಭಾವನೆ.

ನನ್ನ ಮನಸ್ಸು ಒಪ್ಪಿದ್ದು ಅಮೆರಿಕದ್ದೇ ಆದ ಆಮ್ಹರ್ಸ್ಟ್ ಊರಿನ ಕವಿ ಎಮಿಲಿ ಡಿಕಿನ್ಸನ್ ಬರೆದ ಕಾಗದ. 1883ರ ಅಕ್ಟೋಬರ್ 5ರಂದು ಅವರ ಅಣ್ಣನ ಮಗ ಗಿಲ್ಬರ್ಟ್ ಟೈಫಾಯಿಡ್‌ನಿಂದ ಹೋದ. ಎಂಟು ವರ್ಷ. ಮನೆಯಿಂದ ಹೊರಗೇ ಹೋಗದ ಎಮಿಲಿ ಆ ರಾತ್ರಿ ಪಕ್ಕದಲ್ಲೇ ಇದ್ದ ಅಣ್ಣನ ಮನೆಗೆ ಹೋಗಿದ್ದರು. ಆಮೇಲೆ ಅತ್ತಿಗೆ ಸೂಸನ್‌ಗೆ ಬರೆದದ್ದರಲ್ಲಿ ಉಪದೇಶ ಇಲ್ಲ. ಇರೋದು ಗಿಲ್ಬರ್ಟ್. ಅವನಿಗೆ ಗುಟ್ಟುಗಳೆಂದರೆ ಪ್ರಾಣ. "ಯಾರಿಗೂ ಹೇಳ್ಬೇಡ, ಎಮಿಲಿ ಅತ್ತೆ" ಅಂತ ಕೂಗುತ್ತಿದ್ದನಂತೆ. ಆ ತಾಯಿಗೆ ಬೇಕಾಗಿದ್ದದ್ದು ಇದೇ ಇರಬೇಕು: ಮಗನ ಧ್ವನಿ ಇನ್ನೊಬ್ಬರಿಗೂ ನೆನಪಿದೆ ಅನ್ನೋದು.

ಇನ್ನೊಂದು ಕಾಗದ ಬರೆದಿಡದೆ ಮಲಗಲಾರೆ. 1862ರಿಂದ ಎಮಿಲಿ ತಮ್ಮ ಕವಿತೆಗಳನ್ನು ಲೇಖಕ ಥಾಮಸ್ ಹಿಗ್ಗಿನ್ಸನ್‌ಗೆ ಕಳಿಸುತ್ತಿದ್ದರು, ಅವರನ್ನು ಗುರು ಅಂತಲೇ ಕರೆಯುತ್ತಿದ್ದರು. 1877ರಲ್ಲಿ ಹಿಗ್ಗಿನ್ಸನ್ ಅವರ ಹೆಂಡತಿ ಮೇರಿ ತೀರಿಕೊಂಡರು. ಎಮಿಲಿ ತಂದೆಯನ್ನು ಕಳೆದುಕೊಂಡು ಆಗಲೇ ಮೂರು ವರ್ಷವಾಗಿತ್ತು. ಅವರು ಬರೆದರು: "ಈ ಕಾಡು ನಿಮಗೆ ಹೊಸದು. ಗುರುಗಳೇ, ನಾನು ದಾರಿ ತೋರಿಸುತ್ತೇನೆ."