ಮೋಡಕಾ ಮಟಡೋರಿಗೆ ಯಾಕ್ರೀ ಇಷ್ಟು ರೊಕ್ಕ?

ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಬೆಳಗಾವಿಯ ಟಿಳಕವಾಡಿಯಲ್ಲಿ ರೈಲ್ವೆ ಗೇಟು ಬಿದ್ದಾಗ ಪಕ್ಕಕ್ಕೆ ಬಂದು ನಿಂತ ಬೈಕಿನವರು, ಡೀಸೆಲ್ ಹಾಕುವ ಹುಡುಗ, ಮದುವೆ ಪಂಕ್ತಿಯಲ್ಲಿ ಎದುರು ಕೂತ ಬೀಗರು. “ಈ ರೊಕ್ಕಕ್ಕ ಒಂದು ಚಲೋ ಸೆಕೆಂಡ್ ಹ್ಯಾಂಡ್ ಕಾರ್ ಬರ್ತಿತ್ತಲ್ರೀ ಸರ, ಈ ಮೋಡಕಾ ಮಟಡೋರ್ ಯಾಕ ತಗೊಂಡ್ರಿ?” ಮೋಡಕಾ ಅಂದರೆ ನಮ್ಮ ಕಡೆ ಗುಜರಿ. ಗೇಟು ಏಳುವಷ್ಟರಲ್ಲಿ ಹೇಳಿ ಮುಗಿಯುವ ಉತ್ತರವಲ್ಲ. “ಶೋಕಿ ರೀ” ಎಂದು ನಕ್ಕು ಗೇರ್ ಹಾಕುತ್ತೇನೆ. ಪೂರ್ತಿ ಉತ್ತರ ಇಲ್ಲಿದೆ.

ಮೊದಲು ಲೆಕ್ಕ. ಗಾಡಿ 1988ರ ಮಾಡೆಲ್, ಬಜಾಜ್ ಟೆಂಪೋದವರ ಮಟಡೋರ್ ವ್ಯಾನು. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಂದು ದ್ರಾಕ್ಷಿ ತೋಟದಲ್ಲಿ, ಒಣದ್ರಾಕ್ಷಿ ಶೆಡ್ಡಿನ ಪಕ್ಕ ನಿಂತಿತ್ತು. 90 ಸಾವಿರಕ್ಕೆ ಮಾತು ಮುಗಿಯಿತು. ಆಮೇಲೆ ಪಾಟಾ (ಸ್ಪ್ರಿಂಗ್ ಪಟ್ಟಿ), ಬ್ರೇಕು, ವೈರಿಂಗು, ತಳದ ತಗಡು ಅಂತ ಎರಡೂವರೆ ಲಕ್ಷ. ಮನೆಯಲ್ಲಿ ಹೇಳಿದ್ದು ಒಂದೂವರೆ. ಇದನ್ನು ಓದಿದ ಮೇಲೆ ಹೆಂಡತಿಗೂ ಗೊತ್ತಾಗುತ್ತದೆ, ಆಗಲಿ. ಹಿಂದಿನ ಸೀಟುಗಳ ಮೇಲೆ ಕೂರುವ ಪ್ಲೈವುಡ್ ಹಲಗೆ, ಅದರ ಮೇಲೊಂದು ಗಾದಿ, ಪೆಟ್ಟಿಗೆಯಲ್ಲಿ ಸಣ್ಣ ಗ್ಯಾಸ್ ಒಲೆ, 20 ಲೀಟರಿನ ನೀರಿನ ಕ್ಯಾನು. ನನ್ನ ‘ಕ್ಯಾಂಪರ್ ವ್ಯಾನ್’ ಅಂದರೆ ಇಷ್ಟೇ.

“ಫಾರಿನ್ ಹಿಪ್ಪಿಗಳ ಬಸ್ಸಿನ ಕಾಪಿ ಹೊಡದೀರಿ” ಅನ್ನುವವರಿದ್ದಾರೆ. ಪೂರ್ತಿ ಸುಳ್ಳಲ್ಲ. ಆ ಬಸ್ಸಿನ ಹುಟ್ಟು ಮಾತ್ರ ಹಿಪ್ಪಿಗಳಿಂದ ಆದದ್ದಲ್ಲ. ಯುದ್ಧ ಮುಗಿದ ಹೊಸತರಲ್ಲಿ ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಗೆ ಹೋಗಿದ್ದ. ಅಲ್ಲಿ ಬೀಟಲ್ ಕಾರಿನ ಭಾಗಗಳನ್ನೇ ಜೋಡಿಸಿ ಮಾಡಿಕೊಂಡ ಒಂದು ಚಪ್ಪಟೆ ಗಾಡಿ ಸಾಮಾನು ಹೊತ್ತು ಒಳಗೊಳಗೇ ಓಡಾಡುತ್ತಿತ್ತು. ಅದನ್ನು ಕಂಡವನು 1947ರ ಏಪ್ರಿಲ್‌ನಲ್ಲಿ ತನ್ನ ಕಿಸೆಪುಸ್ತಕದಲ್ಲಿ ಒಂದು ಡಬ್ಬಿ ಬರೆದ. ಮುಂದೆ ಡ್ರೈವರ್, ಹಿಂದೆ ಇಂಜಿನ್, ನಡುವೆ ಬರೀ ಜಾಗ. 1950ರ ಮಾರ್ಚ್‌ನಲ್ಲಿ ಅದು ಕಾರ್ಖಾನೆಯಿಂದ ಹೊರಬಂತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಕಂಪನಿ ಅದರೊಳಗೆ ಇಟ್ಟು ತೆಗೆಯುವಂಥ ಮಂಚ-ಕಪಾಟಿನ ಸಾಮಾನು ಮಾಡಿತು. ವಾರವೆಲ್ಲ ಸರಕು ಹೊರುವ ಗಾಡಿ ರವಿವಾರ ಮನೆಯಾಗಬೇಕು, ಸೋಮವಾರ ಮತ್ತೆ ಸರಕಿಗೆ ಹೋಗಬೇಕು. ಎರಡು ಗಾಡಿ ಕೊಳ್ಳಲಾಗದ ಜನರ ಉಪಾಯ ಅದು. ನನಗೆ ಹಿಡಿಸಿದ್ದು ಇದೇ. ಹಿಪ್ಪಿಗಳಿಗೆ ಅದು ಸಿಕ್ಕಿದ್ದೂ ಹಳತಾಗಿ, ಅಗ್ಗವಾದ ಮೇಲೆ. ಅದರಲ್ಲಿ ಅವರು ಹಿಡಿದ ದಾರಿ ಇಸ್ತಾಂಬುಲ್, ಟೆಹರಾನ್, ಕಾಬೂಲ್ ದಾಟಿ ದಿಲ್ಲಿ, ಅಲ್ಲಿಂದ ಕಠ್ಮಂಡು ಇಲ್ಲವೇ ನಮ್ಮ ಪಕ್ಕದ ಗೋವಾ. 1979ರಲ್ಲಿ ಇರಾನಿನ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ, ದಾರಿ ಮುಚ್ಚಿತು. ಬ್ರೆಜಿಲ್‌ನಲ್ಲಿ ಮಾತ್ರ ಆ ಬಸ್ಸು 2013ರ ತನಕ ತಯಾರಾಗುತ್ತಲೇ ಇತ್ತು. ಏರ್‌ಬ್ಯಾಗ್, ಎಬಿಎಸ್ ಬ್ರೇಕು ಕಡ್ಡಾಯ ಎಂದಾಗ ನಿಂತಿತು.

ಇನ್ನು ಮಟಡೋರ್. ಇದು ಫೋಕ್ಸ್‌ವ್ಯಾಗನ್ ಬಸ್ಸಿನ ಕಾಪಿಯಲ್ಲ, ದಾಯಾದಿ. 1949ರಲ್ಲಿ, ಅಂದರೆ ಆ ಬಸ್ಸಿಗಿಂತ ಮೊದಲೇ, ಜರ್ಮನಿಯ ಹ್ಯಾಂಬರ್ಗಿನ ಟೆಂಪೋ ಕಾರ್ಖಾನೆ ‘ಮಟಡೋರ್’ ಎಂಬ ವ್ಯಾನು ತಂದಿತ್ತು. ಅದರ ಇಂಜಿನ್ ಎಲ್ಲಿಯದು? ಅದೇ ಬೀಟಲ್ ಕಾರಿನದು, 25 ಅಶ್ವಶಕ್ತಿಯದು. ಫೋಕ್ಸ್‌ವ್ಯಾಗನ್ ಅದನ್ನು ಹಿಂದೆ ಇಟ್ಟಿತು, ಇವರು ಮುಂದೆ ಇಟ್ಟು ಮುಂದಿನ ಗಾಲಿಗಳಿಗೇ ಎಳೆಯುವ ಕೆಲಸ ಕೊಟ್ಟರು. ತನ್ನದೇ ವ್ಯಾನು ಮಾರಾಟಕ್ಕೆ ಬಂದ ಮೇಲೆ ಎದುರಾಳಿಗೆ ಇಂಜಿನ್ ಯಾರು ಕೊಡುತ್ತಾರೆ? 1952ಕ್ಕೆ ಫೋಕ್ಸ್‌ವ್ಯಾಗನ್ ಕೈ ಎತ್ತಿತು. ಆ ಟೆಂಪೋ ಜೊತೆ ಕೈಜೋಡಿಸಿ 1958ರಲ್ಲಿ ಶುರುವಾದದ್ದು ನಮ್ಮ ಬಜಾಜ್ ಟೆಂಪೋ. ಆ ಮಟಡೋರಿನ ಮುಂದಿನ ಪೀಳಿಗೆ 1969ರಿಂದ ಸುಮಾರು 30 ವರ್ಷ ಪುಣೆ ಕಡೆಯಿಂದ ಬರುತ್ತಲೇ ಇತ್ತು. ಸಣ್ಣ ಸರಕು ಗಾಡಿ ಯಾವ ಕಂಪನಿಯದಾದರೂ ನಾವು ‘ಟೆಂಪೋ’ ಅನ್ನುವುದು, ಮೂತಿ ಚಪ್ಪಟೆ ಇದ್ದದ್ದನ್ನೆಲ್ಲ ‘ಮಟಡೋರ್’ ಅನ್ನುವುದು ಆ ಕಾಲದ ಋಣ.

ಆದರೆ ಇತಿಹಾಸ ಓದಿ ಯಾರೂ ಗಾಡಿ ಕೊಳ್ಳುವುದಿಲ್ಲ. ನಾನೂ ಕೊಂಡಿಲ್ಲ.

ನಮ್ಮಪ್ಪ ಬೈಲಹೊಂಗಲ ಡಿಪೋದಲ್ಲಿ ಡ್ರೈವರ್. ವರ್ಷಗಟ್ಟಲೆ ವಸ್ತಿ ಬಸ್ಸಿನ ಡ್ಯೂಟಿ. ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ರಾತ್ರಿ ಕೊನೆಯ ಬಸ್ಸು ಹಳ್ಳಿಗೆ ಹೋಗಿ ಅಲ್ಲೇ ವಸ್ತಿ ಹಾಕಿ, ಬೆಳಗಿನ ಮೊದಲ ಬಸ್ಸಾಗಿ ಹಿಂದಿರುಗುತ್ತದೆ. ದೀಪಾವಳಿ ಸೂಟಿಯಲ್ಲಿ ಒಮ್ಮೆ ಹಟ ಹಿಡಿದು ಅಪ್ಪನ ಜೊತೆ ಹೋಗಿದ್ದೆ. ಮಲಪ್ರಭೆ ದಂಡೆಯ ಹಳ್ಳಿ, ಹನಮಪ್ಪನ ಗುಡಿ ಮುಂದೆ ಬಸ್ಸು. ಜನ ಇಳಿದು ಹೋದ ಮೇಲೆ ಕಂಡಕ್ಟರ್ ಕಾಕಾ ಒಳಗಿನ ಬಲ್ಬಿನ ಕೆಳಗೆ ಚಿಲ್ಲರೆ ಎಣಿಸುತ್ತ ಕೂತ. ಯಾರದೋ ಮನೆಯಿಂದ ರೊಟ್ಟಿ, ಪುಂಡಿಪಲ್ಯ ಬಂತು. ಅಪ್ಪ ಕೊನೆಯ ಉದ್ದ ಸೀಟಿನ ಮೇಲೆ ಮಲಗಿದ, ನಾನು ಇಂಜಿನ್ ಬಾನೆಟ್ಟಿನ ಪಕ್ಕ. ಬಾನೆಟ್ ನಡುರಾತ್ರಿವರೆಗೂ ಬೆಚ್ಚಗಿತ್ತು. ದಿನವಿಡೀ ಗದ್ದಲ ಹೊತ್ತ ಬಸ್ಸು ಹಾಗೆ ಸುಮ್ಮನೆ ನಿಂತದ್ದನ್ನು ಅವತ್ತೇ ನೋಡಿದ್ದು. ತಿಕೋಟಾದಲ್ಲಿ ಮಟಡೋರಿನ ಬಾಗಿಲು ತೆಗೆದು ನೋಡಿದರೆ, ಡ್ರೈವರ್ ಪಕ್ಕದಲ್ಲೇ ಇಂಜಿನ್ನಿನ ಡಬ್ಬಿ! ಚೌಕಾಶಿ ಅಲ್ಲಿಗೇ ನಿಂತಿತು. ನಾನು ಕೈ ಇಟ್ಟು ನೋಡಿದ್ದು ಮಾಲಕರ ಕಣ್ಣಿಗೆ ಬಿದ್ದಿರಬೇಕು, ಅವರು ಐದು ಸಾವಿರವನ್ನೂ ಬಿಡಲಿಲ್ಲ.

ಹಾಗಾಗಿ ಈ ಗಾಡಿ ತಗೊಂಡದ್ದು ಹೋಗುವುದಕ್ಕಲ್ಲ, ನಿಲ್ಲುವುದಕ್ಕೆ. ಹೋಗುವುದರಲ್ಲಿ ಇದು ದಂಡ. 50ರ ಮೇಲೆ ಓಡಿಸಿದರೆ ಮಾತು ಕೇಳಿಸುವುದಿಲ್ಲ, ಸ್ಟೇರಿಂಗ್ ತಿರುಗಿಸಲು ಗರಡಿ ಮೈ ಬೇಕು, ಮೇ ತಿಂಗಳಲ್ಲಿ ಕಾಲ ಬಳಿ ರೊಟ್ಟಿ ಸುಡಬಹುದು.

ಕೊಳ್ಳುವ ಆಸೆ ಇದ್ದವರಿಗೆ ಮೂರು ಮಾತು. ಇಂಜಿನ್ನಿಗೆ ಹೆದರಬೇಡಿ, ಜಂಗಿಗೆ, ಅಂದರೆ ತುಕ್ಕಿಗೆ ಹೆದರಿ. ನಮ್ಮ ಉದ್ಯಮಬಾಗದಂಥ ಕೈಗಾರಿಕೆ ಜಾಗ ಇರುವ ಊರಿನಲ್ಲಿ ಸಿಗದ ಬುಶ್ಶನ್ನು ಲೇಥಿನ ಮೇಲೆ ಮಾಡಿಸಬಹುದು, ನಾನು ಎರಡು ಮಾಡಿಸಿದ್ದೇನೆ. ತಳ ತಿಂದುಹೋಗಿದ್ದರೆ ಮಾಡಿಸಲು ಏನೂ ಉಳಿದಿರುವುದಿಲ್ಲ. ಎರಡನೆಯದು ಪಾಸಿಂಗ್. 15 ವರ್ಷ ದಾಟಿದ ಸ್ವಂತ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು; 2022ರ ಏಪ್ರಿಲ್‌ನಲ್ಲಿ ಕಾರುಗಳಿಗೆ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. “ವಿಂಟೇಜ್ ಅಂತ ಬರಸ್ರೀ” ಎಂದು ಪುಕ್ಕಟೆ ಸಲಹೆ ಕೊಡುವವರ ಮಾತು ಕೇಳಬೇಡಿ. 2021ರ ನಿಯಮದ ಪ್ರಕಾರ ವಿಂಟೇಜ್ ಎನಿಸಲು 50 ವರ್ಷ ಆಗಿರಬೇಕು. ನನ್ನದಕ್ಕೆ ಆ ಯೋಗ 2038ಕ್ಕೆ. ಮೇಲಾಗಿ ವಿಂಟೇಜ್ ನಂಬರ್ ಸಿಕ್ಕ ಗಾಡಿಯನ್ನು ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ ಅಷ್ಟೇ. ಮೂರನೆಯದು, ಒಳಗೆ ಕೊಯ್ದು ಬೆಸೆದು ಮನೆ ಕಟ್ಟಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿಯಲ್ಲಿ ಇರುವುದಕ್ಕೆ ತಾಳೆಯಾಗದಂತೆ ಗಾಡಿ ಬದಲಿಸುವಂತಿಲ್ಲ. ಅದಕ್ಕೇ ನನ್ನ ಹಲಗೆ ಎತ್ತಿ ಇಡುವಂಥದ್ದು, ಸೀಟುಗಳು ಅದರ ಕೆಳಗೆ ಇದ್ದ ಹಾಗೇ ಇವೆ. 1951ರ ಜರ್ಮನಿಯವರ ಉಪಾಯ 2020ರ ದಶಕದ ಬೆಳಗಾವಿಗೂ ಬಂತು.

ನಿಲ್ಲುವುದು ಅಂದೆನಲ್ಲ, ಎಲ್ಲಿ? ಬಾದಾಮಿ ಪಕ್ಕದ ಬನಶಂಕರಿಯಲ್ಲಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಜಾತ್ರೆ ವಾರಗಟ್ಟಲೆ ಇರುತ್ತದೆ, ನಾಟಕ ಕಂಪನಿಗಳು ಸಾಲಾಗಿ ಟೆಂಟು ಹಾಕಿರುತ್ತವೆ. ಒಂದರ ಹಾರ್ಮೋನಿಯಂ ಇನ್ನೊಂದಕ್ಕೆ ಕೇಳುತ್ತದೆ. ಕೊನೆಯ ಆಟ ಬಿಡುವಷ್ಟರಲ್ಲಿ ನಸುಕು. ಬಾದಾಮಿಯಲ್ಲಿ ಲಾಡ್ಜು ಸಿಗುವುದಿಲ್ಲ, ಸಿಕ್ಕರೂ ಎರಡು ತಾಸು ಮಲಗಲು ಪೂರ್ತಿ ದಿನದ ಬಾಡಿಗೆ. ಈಗ ಆಟ ಬಿಟ್ಟ ಮೇಲೆ ನೂರು ಹೆಜ್ಜೆ ನಡೆದು ಹಲಗೆ ಮೇಲೆ ಬೀಳುತ್ತೇನೆ. ಎರಡು ವರ್ಷದಲ್ಲಿ ಒಂಬತ್ತು ನಾಟಕ ನೋಡಿದೆ. ಅದರ ಹಿಂದಿನ ಹತ್ತು ವರ್ಷದಲ್ಲಿ ನೋಡಿದ್ದು ಎರಡು.

ಈ ವರ್ಷ ಆರು ಗಂಟೆ ಇನ್ನೂ ಆಗಿರಲಿಲ್ಲ, ಯಾರೋ ತಗಡು ಬಡಿದರು. ಬಾಗಿಲು ಸರಿಸಿದೆ. ಕೌದಿ ಹೊದ್ದ ಅಜ್ಜಿ, ಹಿಂದೆ ಗಂಟು ಹೊತ್ತ ಮೂವರು ಹೆಣ್ಣುಮಕ್ಕಳು.

“ರಾಮದುರ್ಗಕ್ಕ ಹೊಕ್ಕೈತೇನೋ ತಮ್ಮಾ?”

ಬಾಡಿಗೆ ಗಾಡಿ ಅಲ್ಲ ಅನ್ನಲು ಬಾಯಿ ತೆರೆದೆ. ಬೆಳಗಾವಿಗೆ ಹೇಗೂ ಅದೇ ದಾರಿ.

“ಹೊಕ್ಕೈತಿ ಯವ್ವಾ. ಹತ್ರಿ. ಹಾಸಗಿ ಮಡಚತೀನಿ ತಡೀರಿ.”

ರಾಮದುರ್ಗದಲ್ಲಿ ಇಳಿದು ಅಜ್ಜಿ ನೂರರ ನೋಟು ಚಾಚಿದಳು. ಬೇಡವೆಂದೆ. ಬಿಡಲಿಲ್ಲ, ಕೊನೆಗೆ ಸೀಟಿನ ಮೇಲೆ ಬೆಂಡು ಬತ್ತಾಸಿನ ಪೊಟ್ಟಣ ಇಟ್ಟು, ಮಗಳಿಗೆ ಕೇಳುವ ಹಾಗೆ ಹೇಳಿಕೊಂಡು ಹೋದಳು: “ವಸ್ತಿ ಗಾಡಿ ಇದ್ರ ಭಾಳ ಚಲೋ ಆತ್ ನೋಡ.”