ಬಸ್ ಹತ್ತಲಾಗದ ಹೆಂಗಸು, ಹತ್ತು ಅಡಿಯ ಫ್ಲೆಕ್ಸ್

ಮಹಿಳಾ ದಿನಕ್ಕೆ ಮಂಗಳೂರಿನ ಹಂಪನಕಟ್ಟೆ ಹತ್ತಿರದ ಬಟ್ಟೆ ಅಂಗಡಿಯೊಂದರ ಆರ್ಡರ್ ನಮ್ಮ ಫ್ಲೆಕ್ಸ್ ಪ್ರೆಸ್ಸಿಗೆ ಬಂದಿತ್ತು. ಹತ್ತು ಬೈ ಆರು ಫ್ಲೆಕ್ಸ್, 'ಹಳೇ ಕಾಲದ ಲುಕ್' ಬೇಕಂತೆ.

ನನಗೆ ಖುಷಿಯೋ ಖುಷಿ. 1912ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ 'ಗಜೆಟ್ ದು ಬೊಂ ತೊಂ' ಪತ್ರಿಕೆಯ ಚಿತ್ರಗಳೆಂದರೆ ನನಗೆ ಜೀವ. ಸ್ಟೆನ್ಸಿಲ್ ಇಟ್ಟು ಒಂದೊಂದೇ ಬಣ್ಣ ಕೈಯಲ್ಲಿ ಹಚ್ಚುತ್ತಿದ್ದರು. ನಮ್ಮ ಮಷಿನ್ ಎಷ್ಟು ಸಲ ಇಂಕ್ ಹೊಡೆದರೂ ಆ ಬಣ್ಣ ಬರುವುದಿಲ್ಲ. ಆ ಕಾಲದ ಚಿತ್ರವೊಂದನ್ನು ಆರಿಸಿದೆ. ಉದ್ದ ಬಿಗಿ ಸ್ಕರ್ಟು, ಗರಿಯ ಟೋಪಿ. ಪಕ್ಕದಲ್ಲಿ ನಾನೇ ಬರೆದ ಸಾಲು: 'ಹೆಜ್ಜೆ ಇಡು, ಲೋಕ ನಿನ್ನದು'.

ಪ್ರೂಫ್ ಮೂರು ಸಲ ಹೋಯಿತು. ಮೂರು ಸಲವೂ 'ಲೋಗೋ ದೊಡ್ಡದು ಮಾಡಿ' ಅಂತ ವಾಪಸ್ ಬಂತು. ನಮ್ಮ ಬಾಸ್ ಫೋನ್ ನಂಬರ್ ಮಾತ್ರ ನೋಡಿದರು. ಅವರು ನೋಡುವುದು ಅಷ್ಟೇ.

ಮಾರ್ಚ್ 7, ರಾತ್ರಿ ಎಂಟು. ಹುಡುಗರು ಫ್ಲೆಕ್ಸಿನ ಎರಡು ಮೂಲೆ ಕಟ್ಟಿದ್ದರು. ಬ್ಲೌಸ್ ಹೊಲಿಯುವ ಅಕ್ಕ ಕೆಲಸ ಮುಗಿಸಿ ಇಳಿದು ಬಂದರು. ಟೇಪು ಇನ್ನೂ ಕೊರಳಲ್ಲೇ ಇತ್ತು. ಒಂದು ನಿಮಿಷ ನೋಡಿದರು.

"ಇವಳು ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಬಸ್ ಹತ್ತುವುದು ಹೇಗೆ ಮಾರಾಯ್ತಿ?"

ಹುಡುಗರು ನಕ್ಕರು. ನಾನು ಸುಮ್ಮನಿರಬೇಕಿತ್ತು. "ಇದು ಆರ್ಟ್ ಅಕ್ಕಾ, ಪ್ಯಾರಿಸ್‌ದು" ಅಂದೆ. ಅವರು ಸ್ಕರ್ಟಿನ ಅಂಚಿಗೆ ಬೆರಳಿಟ್ಟರು. "ಘೇರು ಇಲ್ಲ, ಸೀಳೂ ಇಲ್ಲ. ಒಂದು ಗೇಣು ಕಾಲು ಹಾಕಿದರೆ ಹೊಲಿಗೆ ಬಿಡ್ತದೆ. ಇದು ಮನೆಯಲ್ಲಿ ಆಳು ಇರುವವರ ಬಟ್ಟೆ."

ಅಷ್ಟರಲ್ಲಿ ಬಟ್ಟೆ ಅಂಗಡಿಯ ಧಣಿ ಹೊರಗೆ ಬಂದರು. ಮೊದಲು ಸಾಲು ಓದಿದರು, ಆಮೇಲೆ ಸ್ಕರ್ಟು ನೋಡಿದರು, ಆಮೇಲೆ ನನ್ನನ್ನು. ನಾನು ಬಾಸ್‌ಗೆ ಫೋನ್ ಮಾಡಿದೆ. ರಿಂಗ್ ಆಗ್ತಾ ಇತ್ತು, ಅಷ್ಟೇ. ಏಣಿ ಮೇಲಿದ್ದ ಹುಡುಗ "ಕಟ್ಟುವುದಾ, ಬಿಚ್ಚುವುದಾ?" ಅಂತ ಎರಡು ಸಲ ಕೇಳಿದ.

ಬಿಚ್ಚಿದೆವು.

ಮಜಾ ಎಂದರೆ ಆ ಸ್ಕರ್ಟಿನ ಕಥೆ ನನಗೆ ಗೊತ್ತಿತ್ತು. ಹಾಬಲ್ ಸ್ಕರ್ಟ್ ಅಂತ ಹೆಸರು. ಹಾಬಲ್ ಅಂದರೆ ಕುದುರೆಯ ಕಾಲಿಗೆ ಕಟ್ಟುವ ಹಗ್ಗ. ಸೊಂಟ, ಎದೆ ಬಿಗಿಯುವ ಕಾರ್ಸೆಟ್ ಎಂಬ ಒಳಉಡುಪನ್ನು ಬಿಡಿಸಿದ ಪಾಲ್ ಪೊಯ್ರೆ ಎಂಬ ಡಿಸೈನರ್, ಎದೆಯನ್ನು ಬಿಡಿಸಿ ಕಾಲು ಕಟ್ಟಿಹಾಕಿದೆ ಅಂತ ತಾನೇ ಬರೆದುಕೊಂಡಿದ್ದಾನೆ. 1912ರಲ್ಲಿ ನ್ಯೂಯಾರ್ಕಿನಲ್ಲಿ ಮೆಟ್ಟಿಲೇ ಇಲ್ಲದ ಟ್ರಾಮ್ ಇಳಿಸಿದರು. ಸ್ಕರ್ಟು ಹಾಕಿದವರಿಗೆ ಕಾಲೆತ್ತಲು ಆಗಬೇಕಲ್ಲ! ಇಷ್ಟೆಲ್ಲ ಓದಿಯೂ, ದಿನಾ ಕಂಡಕ್ಟರನ 'ರೈಟ್ ಪೋಯಿ' ಕೇಳಿ ಹಾರಿ ಬಸ್ ಹತ್ತುವ ನಾನು ಅವಳ ಕಾಲು ನೋಡಲೇ ಇಲ್ಲ. ಬಣ್ಣ ನೋಡಿದೆ.

ಆಮೇಲೆ ಆ ಚಿತ್ರಗಳ ಫೋಲ್ಡರನ್ನೇ ಮತ್ತೆ ತೆರೆದೆ. ಕೊಡೆ, ಬೀಸಣಿಗೆ, ನಾಯಿಮರಿ, ಹೂವು. ಕೆಲಸ ಎಂಬುದು ಒಬ್ಬಳ ಕೈಯಲ್ಲೂ ಇಲ್ಲ. ಬೆವರೂ ಇಲ್ಲ. ಆ ಬಟ್ಟೆ ಹೊಲಿದವಳು ಯಾವ ಚಿತ್ರದಲ್ಲೂ ಇಲ್ಲ.

ರಾತ್ರಿಯೇ ಬದಲಿ ಹುಡುಕಿದೆ. 1890ರ ದಶಕದಲ್ಲಿ ಅಮೆರಿಕದ ಗಿಬ್ಸನ್ ಬಿಡಿಸಿದ ಹುಡುಗಿ ಸಿಕ್ಕಿದಳು, ಸೈಕಲ್ ಮೇಲೆ. ಈ ಸಲ ಮೊದಲು ಅಕ್ಕನಿಗೇ ವಾಟ್ಸಾಪ್ ಮಾಡಿದೆ. "ಇವಳು ಆದೀತು. ಆದ್ರೆ ಸೊಂಟ ಅಷ್ಟು ಬಿಗಿದು ಪೆಡಲ್ ಹೊಡೆದರೆ ಉಸಿರು ಎಲ್ಲಿಂದ?" ಎಂದು ವಾಯ್ಸ್ ಮೆಸೇಜ್ ಬಂತು. ಕೊನೆಗೆ ಚಿತ್ರವೇ ಬೇಡ ಅಂದರು ಧಣಿ. ಬರೀ ಅಕ್ಷರ, ದೊಡ್ಡ ಲೋಗೋ.

ರೀಪ್ರಿಂಟಿನ ಅರ್ಧ ದುಡ್ಡು ನನ್ನ ಸಂಬಳದಿಂದ ಹೋಯಿತು. ಮೂರು ಪ್ರೂಫಿನಲ್ಲೂ ಫೋನ್ ನಂಬರ್ ಮಾತ್ರ ನೋಡಿದವರ ಜೇಬಿನಿಂದ ಏನೂ ಹೋಗಲಿಲ್ಲ. ಪ್ಯಾರಿಸ್ ಹೆಂಗಸು ಈಗ ನಮ್ಮ ಮನೆಯ ಹಿಂದೆ ಸೌದೆ ರಾಶಿಯ ಮೇಲೆ ಮಲಗಿದ್ದಾಳೆ. ಈ ಮಳೆಗಾಲದಲ್ಲಿ ಒಂದು ಹನಿ ಕೆಳಗೆ ಇಳಿಯಲಿಲ್ಲ.